ಎಲ್ಲ ಕಾರ್ಖಾನೆಗೂ ಒಂದೇ ಅಂಗಿ

ಬದರೀನಾರಾಯಣ ಸರ್ ಐವರು ಗಂಡುಮಕ್ಕಳಲ್ಲಿ ನಾಲ್ಕನೆಯವರು. ತ್ಯಾಗರಾಜನಗರದ ಅವರ ಮನೆಯಲ್ಲಿ ಹೊಸ ಅಂಗಿ ಹೊಲಿಸುತ್ತಿದ್ದದ್ದು ಹಿರಿಯಣ್ಣನಿಗೆ ಮಾತ್ರ. ಉಳಿದ ನಾಲ್ವರಿಗೂ ಅದೇ ಅಂಗಿ ವರ್ಷ ತಡವಾಗಿ, ಎರಡು ವರ್ಷ ತಡವಾಗಿ ಇಳಿದು ಬರುತ್ತಿತ್ತು. ಅಣ್ಣ ಜೇಬಿನ ಮೇಲೆ ಒಮ್ಮೆ ಚೆಲ್ಲಿಕೊಂಡ ಇಂಕು ತಮ್ಮಂದಿರ ಎದೆಯ ಮೇಲೂ ಸರದಿಯಂತೆ ಕೂತು, ಎಲ್ಲರಿಗೂ ಅವರವರ ಮೇಷ್ಟರಿಂದ ಏಟು ಕೊಡಿಸಿತಂತೆ. ಬೇರೆ ಯಾರಾದರೂ ಆಗಿದ್ದರೆ ದೊಡ್ಡವರಾದ ಮೇಲೆ ಮೊದಲು ತಮ್ಮ ಅಳತೆಗೆ ಒಂದು ಅಂಗಿ ಹೊಲಿಸಿಕೊಳ್ಳುತ್ತಿದ್ದರು. ನಮ್ಮ ಸರ್ ಅದರಿಂದ ಒಂದು ಸಿದ್ಧಾಂತ ಕಟ್ಟಿದರು. ಚೆನ್ನಾಗಿ ಮಾಡಿದ ವಸ್ತು ಒಂದಿದ್ದರೆ ಸಾಕು, ತೋಳು ಮಡಿಚಿದರೆ ಎಲ್ಲರಿಗೂ ಆಗುತ್ತದೆ ಎನ್ನುವುದೇ ಆ ಸಿದ್ಧಾಂತ.

ನಾನು ಗಿರಿಜಾಂಬಾ. ಚಾಮರಾಜಪೇಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದವಳು. ಕಾಲೇಜಿನ ಹೆಸರು ಹೇಳುವುದಿಲ್ಲ. ಆಡಳಿತ ಮಂಡಳಿಯವರು ಇನ್ನೂ ನಮ್ಮ ಬೀದಿಯಲ್ಲೇ ಇದ್ದಾರೆ. ಸರ್ ಅಲ್ಲಿ ಕಾರ್ಖಾನೆ ನಿರ್ವಹಣೆಯ ಪಾಠ ಮಾಡುತ್ತಿದ್ದರು. ಕಾರ್ಖಾನೆಯೊಳಗೆ ಕಾಲಿಟ್ಟರೆ ಅವರಿಗೆ ಸೀನು ಬರುತ್ತಿತ್ತು. ಹಾಗಾಗಿ ಅವರು ಸಿಮ್ಯುಲೇಷನ್ ಹಿಡಿದರು.

ಸಿಮ್ಯುಲೇಷನ್ ಎಂದರೆ ಕಾರ್ಖಾನೆ ಆಟ. ಹೆಣ್ಣುಮಕ್ಕಳು ಪುಟ್ಟ ಮಡಕೆಗಳಲ್ಲಿ ಅಡುಗೆ ಆಟ ಆಡುವುದಿಲ್ಲವೇ, ಹಾಗೆ. ಕಂಪ್ಯೂಟರಿನೊಳಗೆ ಸುಳ್ಳು ಪ್ರೆಸ್ಸು, ಸುಳ್ಳು ವೆಲ್ಡಿಂಗು, ಸುಳ್ಳು ಕೆಲಸಗಾರರನ್ನು ಕೂರಿಸಿ, ಒಂದು ತಿಂಗಳ ಕೆಲಸವನ್ನು ಕಾಫಿ ಕುಡಿದು ಬರುವಷ್ಟರಲ್ಲಿ ಓಡಿಸಿ ನೋಡುವುದು. ಕೆಲಸ ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಯಂತ್ರ ಸುಮ್ಮನೆ ನಿಂತಿರುತ್ತದೆ ಎಂದು ಆಟದಲ್ಲಿ ಕಂಡರೆ ನಿಜದಲ್ಲಿ ಸರಿಮಾಡಬಹುದು. ಕಷ್ಟವೆಂದರೆ ಒಂದೊಂದು ಕಾರ್ಖಾನೆಗೂ ಒಂದೊಂದು ಆಟವನ್ನು ತಿಂಗಳುಗಟ್ಟಲೆ ಕೂತು ಬರೆಯಬೇಕು. ಇದು ಸರ್‌ಗೆ ಐವರಿಗೂ ಹೊಸ ಅಂಗಿ ಹೊಲಿಸಿದಷ್ಟು ದಂಡ ಅನ್ನಿಸಿತು.

“ಕಾರ್ಖಾನೆ ಅಂದ್ರೆ ಏನು ಗಿರಿಜಾಂಬಾ ಅವ್ರೇ? ಸಾಮಾನು ಬರತ್ತೆ, ಕಾಯತ್ತೆ, ಕೆಲ್ಸ ಆಗತ್ತೆ, ಹೋಗತ್ತೆ. ಸ್ಟವ್ ಆದ್ರೇನು, ಸೈಕಲ್ ಆದ್ರೇನು? ಒಂದ್ಸಲ ಸರಿಯಾಗಿ ಬರೆದ್ಬಿಟ್ರೆ ಆಮೇಲೆ ಬರೀ ನಂಬರ್ ಬದಲಾಯಿಸ್ತಾ ಹೋಗೋದು.”

“ಮದುವೆ ಮನೇನೂ ಹಾಗೇ ಅಲ್ವಾ ಸರ್? ಜನ ಬರ್ತಾರೆ, ಕಾಯ್ತಾರೆ, ಊಟ ಆಗತ್ತೆ, ಹೋಗ್ತಾರೆ.”

“ಕರೆಕ್ಟ್!” ಎಂದು ಸರ್ ಅದನ್ನು ಡೈರಿಯಲ್ಲಿ ಬರೆದುಕೊಂಡರು. ಗೇಲಿ ಮಾಡಿದರೆ ಬರೆದುಕೊಳ್ಳುವವರನ್ನು ನಾನು ಅವರೊಬ್ಬರನ್ನೇ ನೋಡಿದ್ದು.

ಇದು ತೊಂಬತ್ತನಾಲ್ಕರ ಮಾತು. ಲ್ಯಾಬಿನಲ್ಲಿ ಆರು ಕಂಪ್ಯೂಟರ್ ಇದ್ದವು. ದೇವಸ್ಥಾನದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಿತ್ತು. ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಯುಗಾದಿಯವರೆಗೂ ಮಾನಿಟರಿನ ಹಣೆಯ ಮೇಲಿರುತ್ತಿತ್ತು. ಎಸ್.ಪಿ. ರೋಡಿನಿಂದ ಡಜನ್ ಫ್ಲಾಪಿ ತಂದು ಸರ್ ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದುಕೊಟ್ಟರು, ನಾನು ಟೈಪು ಮಾಡಿದೆ. ಒಳಗಿನ ಪ್ರೋಗ್ರಾಮು ಎಲ್ಲ ಕಾರ್ಖಾನೆಗೂ ಒಂದೇ, ಅದನ್ನು ಯಾರೂ ಮುಟ್ಟಕೂಡದು. ಆಯಾ ಕಾರ್ಖಾನೆಯ ಅಂಕಿಗಳು ಮಾತ್ರ ಹೊರಗಿನ ಒಂದು ಫೈಲಿನಲ್ಲಿ. ಮೊದಲ ಪ್ರಯೋಗಕ್ಕೆ ಸಿಕ್ಕಿದ್ದು ಬಿನ್ನಿಪೇಟೆಯ ರೇವಣಸಿದ್ದಯ್ಯನವರ ಸೀಮೆಎಣ್ಣೆ ಸ್ಟವ್ ಕಾರ್ಖಾನೆ. ಅವರು ನಮ್ಮ ಪೈಕಿ, ನಮ್ಮಪ್ಪನ ಸ್ನೇಹಿತರು, ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟು ಆಮೇಲೆ ಕಾರ್ಖಾನೆಗೆ ಇಳಿದವರು.

ಆಟ ಓಡಿತು. ದಿನಕ್ಕೆ ಮುನ್ನೂರ ಹನ್ನೆರಡು ಸ್ಟವ್ ಎಂದಿತು. ನಿಜದಲ್ಲಿ ಬರುತ್ತಿದ್ದದ್ದು ಇನ್ನೂರ ಅರವತ್ತು. ಸರ್ ಒಂದು ತಿಂಗಳು ತಲೆ ಕೆಡಿಸಿಕೊಂಡರು. ಪ್ರೋಗ್ರಾಮನ್ನು ಹಿಂದಿನಿಂದ ಮುಂದಕ್ಕೆ ಓದಿದರು. ಬಿನ್ನಿಪೇಟೆಗೆ ಹೋಗಿ ನೋಡೋಣ ಎಂದರೆ ಮೂಗು ಒರೆಸಿಕೊಂಡರು. ಕೊನೆಗೆ ನಾನೇ ಹೋದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅಂದು ಬುಧವಾರ. ಹನ್ನೆರಡಕ್ಕೆ ಸರಿಯಾಗಿ ಪ್ರೆಸ್ಸು ನಿಂತಿತು, ವೆಲ್ಡಿಂಗು ನಿಂತಿತು, ಕೆಲಸಗಾರರು ಗೋಡೆಗೊರಗಿ ಕಡ್ಲೆಕಾಯಿ ಸುಲಿಯತೊಡಗಿದರು. ಒಂದೂವರೆಗೆ ಮತ್ತೆ ಎದ್ದರು.

“ರಾಹುಕಾಲ ಕಣಮ್ಮಾ ಗಿರಿಜಾ,” ಎಂದರು ರೇವಣಸಿದ್ದಯ್ಯ. “ಬೆಂಕಿ ಹಚ್ಚೋ ಸಾಮಾನು ಮಾಡೋರು ನಾವು. ಆ ಹೊತ್ತಲ್ಲಿ ಮಾಡಿದ್ದು ಯಾರ ಮನೇಲಾದ್ರೂ ಸಿಡಿದ್ರೆ ನಾನ್ ನಿದ್ದೆ ಮಾಡೋದು ಬೇಡ್ವಾ?”

ಶರಣರು ರಾಹುಕಾಲ, ಗುಳಿಕಕಾಲವನ್ನೆಲ್ಲ ಗಾಳಿಗೆ ತೂರಿದವರು. ಅವರ ಫೋಟೋವನ್ನು ರಾಹುಕಾಲ ನೋಡಿ ಗೋಡೆಗೆ ಏರಿಸುವವರು ನಾವು. ನಗು ಬಂತು. ಆದರೂ ಆ ಮುದುಕರ ಭಯ ನನಗೆ ಹಿಡಿಸಿತು ಎಂದೇ ಹೇಳಬೇಕು. ಸ್ಟವ್ ಸಿಡಿದು ಸತ್ತವರ ಸುದ್ದಿ ಆಗ ವಾರಕ್ಕೊಂದು ಬರುತ್ತಿತ್ತು.

ಸರ್‌ಗೆ ಬಂದು ಹೇಳಿದೆ. “ಅದು ಲೋಕಲ್ ವಿಷಯ. ಹೊರಗಿನ ಫೈಲಲ್ಲಿ ಹಾಕ್ಬಿಡಿ,” ಎಂದು ಅವರು ಕ್ಲಾಸಿಗೆ ಹೋದರು. ಹಾಕೋಣವೆಂದರೆ ಅವರ ಫೈಲಿನಲ್ಲಿ ವಾರಗಳೇ ಇರಲಿಲ್ಲ. ಅವರ ಕಾರ್ಖಾನೆಗೆ ಎಲ್ಲ ದಿನವೂ ಒಂದೇ, ರಾಹುವಿಗೆ ಹಾಗಲ್ಲ. ಅವನು ಸೋಮವಾರ ಬೆಳಿಗ್ಗೆಯೇ ಬರುತ್ತಾನೆ, ಮಂಗಳವಾರ ಸಂಜೆ ಬರುತ್ತಾನೆ. ಆದ್ದರಿಂದ ನಾನು ಅದನ್ನು ಯಾರೂ ಮುಟ್ಟಕೂಡದ ಒಳಗಿನ ಪ್ರೋಗ್ರಾಮಿಗೇ ಸೇರಿಸಿ, ‘ಟೇಬಲ್ ೭’ ಎಂದು ಹೆಸರಿಟ್ಟೆ. ನಾಳೆ ಸರಿಯಾದ ಜಾಗಕ್ಕೆ ಎತ್ತಿಡೋಣ ಅಂದುಕೊಂಡೆ. ಆಟ ಓಡಿಸಿದರೆ ಕರಾರುವಾಕ್ಕಾಗಿ ಇನ್ನೂರ ಅರವತ್ತು ಬಂತು. ಸರ್ ಖುಷಿಗೆ ಲ್ಯಾಬಿನವರಿಗೆಲ್ಲ ಗಾಂಧಿಬಜಾರಿನಿಂದ ಖಾಲಿದೋಸೆ ತರಿಸಿದರು. ನಾಳೆ ಬರುವ ಮೊದಲೇ ನನ್ನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು, ಪ್ರಿನ್ಸಿಪಾಲರ ಮಗಳ ಕಂಪ್ಯೂಟರ್ ಅಂಕಗಳನ್ನು ನಾನು ತಿದ್ದಲಿಲ್ಲವೆಂದು. ಹತ್ತು ವರ್ಷ ಅಲ್ಲೇ ಕೂತು ಉತ್ತರಪತ್ರಿಕೆ ಕಟ್ಟಿದೆ. ಆ ಕೋಪದಲ್ಲಿ ಟೇಬಲ್ ಏಳು ಮರೆತೇಹೋಯಿತು.

ಆ ಹತ್ತು ವರ್ಷದಲ್ಲಿ ಸರ್ ತಮ್ಮ ಅಂಗಿಯನ್ನು ಊರಿನ ಕಾರ್ಖಾನೆಗಳಿಗೆಲ್ಲ ತೊಡಿಸಿದರು. ಗುಂಡಿ, ಊದುಬತ್ತಿ, ಬಿಸ್ಕತ್ತು, ಬೀಗ, ಯಾವುದನ್ನೂ ಬಿಡಲಿಲ್ಲ. ಎಲ್ಲ ಕಡೆಯೂ ಆಟದ ಕಾರ್ಖಾನೆ ನಿಜದ ಕಾರ್ಖಾನೆಗಿಂತ ಹಿಂದೆ ಬೀಳುತ್ತಿತ್ತು. ಬೀಳದೇ ಏನು? ಬಿನ್ನಿಪೇಟೆಯ ರಾಹು ಒಳಗೆ ಕೂತು ದಿನಕ್ಕೆ ಒಂದೂವರೆ ಗಂಟೆ ನುಂಗುತ್ತಿದ್ದ. ಸರ್ ಇದಕ್ಕೊಂದು ಮದ್ದು ಕಂಡುಹಿಡಿದರು. ಸುಳ್ಳು ಕೆಲಸಗಾರರ ಕೈ ವೇಗವನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ, ಕೊನೆಗೆ ಲೆಕ್ಕ ನಿಜಕ್ಕೆ ಸರಿಹೊಂದುವಂತೆ ಮಾಡುವುದು. ಇದರ ಹೆಸರು ಟ್ಯೂನಿಂಗ್. ಟ್ಯೂನಿಂಗ್ ಆದ ಮೇಲೆ ಆಟ ಹೇಳುತ್ತಿದ್ದದ್ದು ಇಷ್ಟು: ನಿಮ್ಮ ಕೆಲಸಗಾರರು ಬಹಳ ಚುರುಕು, ಆದರೆ ದಿನಕ್ಕೆ ತೊಂಬತ್ತು ನಿಮಿಷ ಎಲ್ಲೋ ಸೋರಿಹೋಗುತ್ತಿದೆ, ಅದನ್ನು ಹಿಡಿದರೆ ಉತ್ಪಾದನೆ ಐದರಲ್ಲೊಂದು ಪಾಲು ಹೆಚ್ಚುತ್ತದೆ, ಹೊಸ ಯಂತ್ರ ಬೇಡ. ಇದನ್ನು ಕೇಳಿ ಬೇಡವೆನ್ನುವ ಮಾಲೀಕ ಯಾವ ಊರಿನಲ್ಲಿದ್ದಾನೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಎಲ್ಲರೂ.

ಆ ತೊಂಬತ್ತು ನಿಮಿಷ ದಿನಕ್ಕೊಂದು ಹೊತ್ತಿಗೆ ಜಾಗ ಬದಲಾಯಿಸುವುದನ್ನು ಸರ್ ಗಮನಿಸಿದರು. ಅದಕ್ಕೆ ‘ಅಲೆಮಾರಿ ಅಡಚಣೆ’ ಎಂದು ಹೆಸರಿಟ್ಟು, ಇನ್ನೂರ ನಲವತ್ತು ಪುಟದ ಥೀಸಿಸ್ ಬರೆದರು. ಗುಂಡಿಯಿಂದ ಬಿಸ್ಕತ್ತಿನವರೆಗೆ ಎಲ್ಲ ಕಾರ್ಖಾನೆಯಲ್ಲೂ ಈ ಅಡಚಣೆ ವಾರಕ್ಕೊಂದು ಸುತ್ತು ಒಂದೇ ರೀತಿಯಲ್ಲಿ ಅಲೆಯುತ್ತದೆ, ಆದ್ದರಿಂದ ಇದು ಉತ್ಪಾದನೆಯ ಮೂಲಭೂತ ನಿಯಮ ಎಂದು ತೀರ್ಮಾನ. ಎರಡು ಸಾವಿರದ ಒಂದರಲ್ಲಿ ಮೌಖಿಕ ಪರೀಕ್ಷೆ ನಡೆಯಿತು, ಗುರುವಾರ. ಪರೀಕ್ಷಾ ವಿಭಾಗದವಳಾಗಿ ಕುರ್ಚಿ ಹಾಕಿಸಿದ್ದು ನಾನೇ. ಎರಡೂವರೆಗೆ ಎಲ್ಲರೂ ಸಿದ್ಧ. ಸರ್ ಮಾತ್ರ ಥೀಸಿಸ್ ಎದೆಗವಚಿಕೊಂಡು ವರಾಂಡದಲ್ಲಿ ನಿಂತಿದ್ದರು. “ಮೂರು ಗಂಟೆ ಆಗ್ಲಿ. ಗುರುವಾರ ನೋಡಿ, ಒಂದೂವರೆಯಿಂದ ಮೂರು,” ಎಂದರು. ಒಳಗೆ ಕೂತ ಪರೀಕ್ಷಕರೂ ಗಡಿಯಾರ ನೋಡಿ, ಒಳ್ಳೆಯದು, ಕಾಯೋಣ ಎಂದರು. ಥೀಸಿಸ್ಸಿನ ನೂರನೆಯ ಪುಟದಲ್ಲಿ ಅದೇ ಗುರುವಾರದ ಅದೇ ಒಂದೂವರೆ ಗಂಟೆಯನ್ನು ಪಾಳಿಯ ನಿಮಿಷಗಳ ಲೆಕ್ಕದಲ್ಲಿ, ಕೆಂಪು ಬಣ್ಣದಲ್ಲಿ ಬರೆದು, ಇದರ ಕಾರಣ ಇನ್ನೂ ಸಂಶೋಧನೆಗೆ ತೆರೆದಿದೆ ಎಂದು ಕೆಳಗೆ ಟಿಪ್ಪಣಿ ಹಾಕಿದ್ದರು. ನಾನು ಆಗ ಅದನ್ನು ಓದಲಿಲ್ಲ. ಥೀಸಿಸ್ ಓದುವ ಅಭ್ಯಾಸ ನಮ್ಮ ಕಾಲೇಜಿನಲ್ಲಿ ಗೈಡಿಗೇ ಇರಲಿಲ್ಲ, ನನಗೆಲ್ಲಿಂದ ಬರಬೇಕು?

ಎರಡು ಸಾವಿರದ ನಾಲ್ಕರಲ್ಲಿ ಪ್ರಿನ್ಸಿಪಾಲರು ಬದಲಾಗಿ ನಾನು ಲ್ಯಾಬಿಗೆ ಮರಳಿದೆ. ಮರುವರ್ಷ ಒಂದು ಮಂಗಳವಾರ ಮಧ್ಯಾಹ್ನ, ಐವತ್ತು ದಾಟಿದ ಒಬ್ಬ ಮನುಷ್ಯ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ನಾಲ್ಕಾರು ಹಳೆ ಡೈರಿ.

“ಅಮ್ಮಾ, ಇಲ್ಲಿ ಬದ್ರಿ ಸಾರು ಅಂತ ಯಾರವ್ರೆ? ನಂದು ದಿನಾ ಒಂದೂವರೆ ಗಂಟೆ ಅವ್ರತ್ರ ಐತಂತೆ. ಈಸ್ಕೊಂಡೋಗನ ಅಂತ ಬಂದೆ.”

ಅವನ ಹೆಸರು ಮುನಿರಾಮಪ್ಪ. ಮೈಸೂರು ರಸ್ತೆಯ ಒಂದು ಫ್ಯಾನ್ ಕಾರ್ಖಾನೆಯಲ್ಲಿ ತಂತಿ ಸುತ್ತುವ ವಿಭಾಗಕ್ಕೆ ಇಪ್ಪತ್ತೆರಡು ವರ್ಷದಿಂದ ಸೂಪರ್‌ವೈಸರ್. ಸರ್ ಅಂಗಿ ಅಲ್ಲಿಗೂ ಹೋಗಿತ್ತು. ಯಂತ್ರ ಕೆಟ್ಟಿಲ್ಲ, ಕರೆಂಟು ಹೋಗಿಲ್ಲ, ತಂತಿ ತಡವಾಗಿಲ್ಲ, ಆದ್ದರಿಂದ ದಿನಕ್ಕೆ ತೊಂಬತ್ತು ನಿಮಿಷದ ನಷ್ಟಕ್ಕೆ ಮೇಲ್ವಿಚಾರಣೆಯ ಮಟ್ಟದ ಮಾನವ ಕಾರಣಗಳನ್ನು ಹುಡುಕತಕ್ಕದ್ದು ಎಂದು ಸರ್ ವರದಿ ಕೊಟ್ಟಿದ್ದರು. ಕಂಪನಿಯವರು ಹೆಚ್ಚು ಹುಡುಕಲಿಲ್ಲ. ಸುಳ್ಳು ದಾಖಲೆ ಬರೆದಿದ್ದಾನೆಂದು ಮುನಿರಾಮಪ್ಪನನ್ನು ಸಸ್ಪೆಂಡ್ ಮಾಡಿ, ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕಾಗದ ಕೊಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ.

“ಕೆಲ್ಸ ಹೋದ್ರೆ ಹೋಗ್ಲಿ ಅನ್ನಕ್ಕಾಗಲ್ಲ, ಅದೂ ಬೇಕು,” ಎಂದ. “ಆದ್ರೆ ಮನೇಲಿ ಇಪ್ಪತ್ತು ದಿವ್ಸದಿಂದ ಹೆಂಡ್ರು ಒಂದೇ ಪ್ರಶ್ನೆ. ಕಂಪ್ಯೂಟ್ರು ಸುಳ್ಳೇಳತ್ತಾ, ದಿನಾ ಒಂದೂವರೆ ಗಂಟೆ ಎಲ್ಲೋಗ್ತಿದ್ದೆ, ಯಾರ್ ಮನೇಗೋಗ್ತಿದ್ದೆ ಅಂತ.”

ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಅವನ ಕೈಯಲ್ಲಿದ್ದ ವರದಿ ತೆರೆದೆ. ಸರ್ ಅದರಲ್ಲಿ ಹೊತ್ತನ್ನು ಗಂಟೆಯಲ್ಲಿ ಬರೆದಿರಲಿಲ್ಲ, ಪಾಳಿ ಶುರುವಾದ ಮೇಲೆ ಎಷ್ಟನೆಯ ನಿಮಿಷ ಎಂದು ಬರೆದಿದ್ದರು. ಸೋಮವಾರ ಸೊನ್ನೆಯಿಂದ ತೊಂಬತ್ತು. ಶನಿವಾರ ತೊಂಬತ್ತರಿಂದ ನೂರ ಎಂಬತ್ತು. ಪಾಳಿ ಶುರುವಾಗುವುದು ಎಷ್ಟು ಗಂಟೆಗೆ ಎಂದು ಕೇಳಿದೆ. ಏಳೂವರೆ ಎಂದ. ಪೆನ್ಸಿಲ್ ತೆಗೆದು ಕೂಡಿಸಿದೆ. ಸೋಮವಾರ ಏಳೂವರೆಯಿಂದ ಒಂಬತ್ತು, ಶನಿವಾರ ಒಂಬತ್ತರಿಂದ ಹತ್ತೂವರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಮುಂದಿನದನ್ನು ಕೂಡಿಸಬೇಕಾಗಿರಲಿಲ್ಲ, ಲ್ಯಾಬಿನ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೇ ಅಚ್ಚಾಗಿತ್ತು. ಕಡ್ಲೆಕಾಯಿ ಸುಲಿಯುತ್ತಾ ಕೂತಿದ್ದ ಆ ಕೆಲಸಗಾರರು ಕಣ್ಣ ಮುಂದೆ ಬಂದರು. ಎಲ್ಲ ಕಾರ್ಖಾನೆಗಳ ಎದೆಯ ಮೇಲೂ ಇಳಿದು ಬಂದ ಆ ಇಂಕಿನ ಕಲೆ ಸರ್ ಚೆಲ್ಲಿದ್ದಲ್ಲ, ನಾನು ಚೆಲ್ಲಿದ್ದು.

ಓಡಿಹೋಗಿ ಸರ್ ಕೋಣೆಯ ಬಾಗಿಲು ತಟ್ಟಿದೆ. ಅವರು ಡಾಕ್ಟರ್ ಬದರೀನಾರಾಯಣ, ವಿಭಾಗದ ಮುಖ್ಯಸ್ಥರು. ಥೀಸಿಸ್ಸನ್ನು ಪುಸ್ತಕವಾಗಿ ಅಚ್ಚಿಗೆ ಕಳಿಸುವ ಸಂಭ್ರಮದಲ್ಲಿದ್ದರು.

“ಸರ್, ಫ್ಯಾನ್ ಕಾರ್ಖಾನೆ ವಿಷಯ, ತುಂಬಾ ಮುಖ್ಯ.”

ಅವರು ಗಡಿಯಾರ ನೋಡಿದರು. “ಮುಖ್ಯ ಅಂತೀರಿ, ಮೂರೂ ಹತ್ತಕ್ಕೆ ಬರ್ತೀರಿ. ಇವತ್ತು ಮಂಗಳವಾರ. ನಾಲ್ಕೂವರೆ ಆಗ್ಲಿ ಗಿರಿಜಾಂಬಾ ಅವ್ರೇ.”

ನಾನು ಮತ್ತು ಮುನಿರಾಮಪ್ಪ ಹೊರಗಿನ ಬೆಂಚಿನ ಮೇಲೆ ಕೂತೆವು. ಅವನಿಗೆ ಎಲ್ಲ ಹೇಳಿದೆ. ಸ್ಟವ್ ಕಾರ್ಖಾನೆ, ಟೇಬಲ್ ಏಳು, ತಪ್ಪು ನನ್ನದೇ ಎನ್ನುವುದು, ಎಲ್ಲ. ಅವನು ಡೈರಿಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ನನ್ ಹೆಂಡ್ರು ಈಗ ಬನಶಂಕರಿ ಗುಡೀಲವ್ಳೆ,” ಎಂದ. “ಮಂಗಳವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ತಾಳೆ. ಬೈಯೋದೂ ಬೈತಾಳೆ, ನನ್ ಕೆಲ್ಸ ಉಳೀಲಿ ಅಂತ ದೀಪಾನೂ ಹಚ್ತಾಳೆ.”

ನಾಲ್ಕೂವರೆಗೆ ಬಾಗಿಲು ತೆರೆಯಿತು. ನಾನು ಹೇಳಿದ್ದನ್ನೆಲ್ಲ ಸರ್ ಕೇಳಿದರು. ಥೀಸಿಸ್ ಎಳೆದು ನೂರನೆಯ ಪುಟ ತೆರೆದರು, ಗೋಡೆಯ ಕ್ಯಾಲೆಂಡರ್ ನೋಡಿದರು, ಮತ್ತೆ ಪುಟ ನೋಡಿದರು. ಹನ್ನೊಂದು ವರ್ಷ ಅಷ್ಟು ಚಿಕ್ಕದಾಗಿ ಕುಗ್ಗುವುದನ್ನು ನೋಡಿ ನಿಜವಾಗಿಯೂ ಪಾಪ ಅನ್ನಿಸಿತು. ಆ ಪಾಪ ಐದು ನಿಮಿಷವೂ ಬಾಳಲಿಲ್ಲ.

“ಟೇಬಲ್ ಏಳು ಹಾಕಿದ್ದು ನೀವೇ ಅಲ್ವಾ?” ಎಂದರು.

“ಹೌದು ಸರ್.”

“ತೆಗೆದು ಓಡಿಸಿ.”

ಓಡಿಸಿದೆ. ಫ್ಯಾನ್ ಕಾರ್ಖಾನೆಯ ನಷ್ಟ ಸೊನ್ನೆ ಬಂತು. ಸರ್ ಕಂಪನಿಗೆ ಎರಡು ಸಾಲಿನ ಕಾಗದ ಬರೆದರು: ನಮ್ಮ ಮಾದರಿಯ ಪರಿಷ್ಕೃತ ಆವೃತ್ತಿಯಲ್ಲಿ ತಮ್ಮ ತಂತಿ ಸುತ್ತುವ ವಿಭಾಗದ ದೈನಿಕ ನಷ್ಟವು ಈಗ ಕಂಡುಬರುತ್ತಿಲ್ಲ.

“ಈಗ ಅಂದ್ರೆ ಮೊದ್ಲು ಇತ್ತು ಅಂತ ಆಗಲ್ವಾ ಸರ್?”

“ಟೆಕ್ನಿಕಲಿ ಸರಿ ಇದೆ,” ಎಂದರು. ಓದೋದು ಶಾಸ್ತ್ರ, ಹಾಕೋದು ಗಾಳ.

ಹದಿನೈದು ದಿನದಲ್ಲಿ ಕಂಪನಿಯ ಉತ್ತರ ಬಂತು. ಡಾಕ್ಟರ್ ಬದರೀನಾರಾಯಣರಿಗೆ ಹೃತ್ಪೂರ್ವಕ ವಂದನೆಗಳು. ಸೂಪರ್‌ವೈಸರ್ ಮುನಿರಾಮಪ್ಪನನ್ನು ದೂರವಿಟ್ಟ ಕೂಡಲೇ ನಷ್ಟ ಪೂರ್ತಿ ನಿಂತಿರುವುದು ತಮ್ಮ ಮಾದರಿಯಿಂದಲೇ ಸಾಬೀತಾಗಿದೆ. ಆತನನ್ನು ಕೆಲಸದಿಂದ ತೆಗೆಯುವ ತೀರ್ಮಾನಕ್ಕೆ ಇದು ಬಲ ಕೊಟ್ಟಿದೆ. ನಮ್ಮ ಇನ್ನೊಂದು ಘಟಕಕ್ಕೂ ತಾವು ಬರಬೇಕು.

ಸರ್ ಅದನ್ನು ಓದಿ, ಮಡಿಚಿ, ಜೇಬಿನಲ್ಲಿಟ್ಟುಕೊಂಡರು. ಆ ಮಡಿಕೆಗೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಅಂದು ಸಂಜೆ ನಾನೇ ಒಂದು ಕಾಗದ ಬರೆದೆ, ನನ್ನ ಹೆಸರಿನಲ್ಲಿ. ಟೇಬಲ್ ಏಳು ಬರೆದವಳು ನಾನು, ಅದು ಬಿನ್ನಿಪೇಟೆಯ ಸ್ಟವ್ ಕಾರ್ಖಾನೆಯ ರಾಹುಕಾಲ, ಮುನಿರಾಮಪ್ಪನವರ ಒಂದೂವರೆ ಗಂಟೆ ಎಲ್ಲಿಗೂ ಹೋಗಿಲ್ಲ, ಅವರು ಡೈರಿಯಲ್ಲಿ ಬರೆದದ್ದೆಲ್ಲ ನಿಜ. ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಲಗತ್ತಿಸಿ, ಅಂಚೆಯನ್ನು ನಂಬದೆ ಮುನಿರಾಮಪ್ಪನ ಜೊತೆ ಮೈಸೂರು ರಸ್ತೆಗೆ ಹೋದೆ. ಅಲ್ಲಿನ ಮ್ಯಾನೇಜರ್ ನಾಗಭೂಷಣ್ ಎಂಬವರು ಹಾಳೆಯನ್ನೂ ವರದಿಯನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡಿದರು. ಅವರ ಮೇಜಿನ ಮೇಲೂ ಅದೇ ಕ್ಯಾಲೆಂಡರ್ ಇತ್ತು.

“ಇದನ್ನ ಮೇಲಿನವ್ರಿಗೆ ಯಾವ ಮುಖ ಇಟ್ಕೊಂಡು ತೋರಿಸ್ಲಿ ಮೇಡಂ?” ಎಂದರು. ನಿಮ್ಮ ಮುಖವೇ ಸಾಕು ಎಂದೆ. ಮನುಷ್ಯ ಕೆಟ್ಟವರಲ್ಲ. ತೋರಿಸಿದರು.

ನನಗೆ ಕಾಲೇಜಿನಿಂದ ಮೆಮೊ ಬಂತು, ಸಂಸ್ಥೆಯ ಹೆಸರಿಗೆ ಮಸಿ ಬಳಿದಿದ್ದಕ್ಕೆ. ಸರ್ ಪುಸ್ತಕ ಅಚ್ಚಾಯಿತು. ಅಲೆಮಾರಿ ಅಡಚಣೆ ಈಗ ಮೂಲಭೂತ ನಿಯಮವಲ್ಲ, ‘ಬೇಕಾದರೆ ಸೇರಿಸಿಕೊಳ್ಳಬಹುದಾದ ಪ್ರಾದೇಶಿಕ ಸೌಲಭ್ಯ’. ಒಂದು ಗುಂಡಿ ಒತ್ತಿದರೆ ಇರುತ್ತದೆ, ಒತ್ತದಿದ್ದರೆ ಇಲ್ಲ. ಹೊಸ ಗಿರಾಕಿಗಳಲ್ಲಿ ಅರ್ಧ ಜನ ಒತ್ತಿಸಿಕೊಂಡರಂತೆ.

ಮುನಿರಾಮಪ್ಪನಿಗೆ ಆರೋಪ ಪೂರ್ತಿ ಹಿಂದೆಗೆದುಕೊಂಡ ಆದೇಶ ಬಂತು. ಸೋಮವಾರ ಕೆಲಸಕ್ಕೆ ಹಾಜರಾಗತಕ್ಕದ್ದು. ಇಪ್ಪತ್ತೆರಡು ವರ್ಷದ ರೂಢಿಯಂತೆ ಅವನು ಏಳೂಕಾಲಿಗೇ ಗೇಟಿನ ಮುಂದೆ ನಿಂತ. ಕಾವಲುಗಾರ ಒಳಗೆ ಬಿಡಲಿಲ್ಲ.

“ನಾಗಭೂಷಣ್ ಸಾಹೇಬ್ರ ಆರ್ಡ್ರು ಮುನಿರಾಮಣ್ಣ. ಮತ್ತೆ ಸೇರ್ಕೊಳೋದು, ಒಳ್ಳೆ ಹೊತ್ತಲ್ಲಿ ಸೇರ್ಲಿ, ಏಳೂವರೆಯಿಂದ ಒಂಬತ್ತು ಬೇಡ ಅಂದವ್ರೆ.”

ತಂತಿ ಸುತ್ತುವವರೆಲ್ಲ ಸೂಪರ್‌ವೈಸರ್ ಬರಲಿ ಎಂದು ಕೈ ಕಟ್ಟಿ ಕೂತರು. ಒಂಬತ್ತಕ್ಕೆ ಅವನನ್ನು ಹಾರ ಹಾಕಿ ಒಳಗೆ ಕರೆದರು. ಮುನಿರಾಮಪ್ಪ ಹಾರ ತೆಗೆದು ಪಕ್ಕಕ್ಕಿಟ್ಟು, ದಾಖಲೆ ಪುಸ್ತಕ ತೆರೆದು, ಸುಳ್ಳು ಬರೆದು ಗೊತ್ತಿಲ್ಲದ ಕೈಯಲ್ಲಿ ಬರೆದ: ‘ಸೋಮವಾರ, ಏಳೂವರೆಯಿಂದ ಒಂಬತ್ತು. ನಷ್ಟ ತೊಂಬತ್ತು ನಿಮಿಷ.’